ಯಾರವಳಮ್ಮ ನೀನು?

ಥಾರ್ನ್‌ಬೆಕ್
೧೬ ಮೇ ೧೯೫೪

ಪ್ರೀತಿಯ ತಂಗಿ ಮರ್ಟಲ್‌ಗೆ,

ಈಸ್ಟರಿಗೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಮೊಣಕಾಲು ನೋವೊಂದು ಬಿಟ್ಟರೆ ಕ್ಷೇಮ. ನೀವೆಲ್ಲ ಚೆನ್ನಾಗಿದ್ದೀರಿ ತಾನೇ?

ನಮ್ಮ ಮಹಡಿಯ ಕೋಣೆ ಖಾಲಿಯಾಯಿತು. ಬಾಡಿಗೆಗಿದ್ದ ನಿವೃತ್ತ ಮೇಷ್ಟ್ರು ಪಿಮ್ ಹೋದ ವಾರ ಊರು ಬಿಟ್ಟರು. ಬಿಡುವ ಮುಂಚೆ ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದರು ಕಣೇ! ಈ ಮುದುಕಿಯನ್ನು! ನಾನು ಒಲೆಯ ಮೇಲಿನ ಗಂಜಿ ತಿರುವುತ್ತಲೇ ಹೇಳಿದೆ: "ನಮ್ಮೂರ ಕಟ್ಟಳೆ ಗೊತ್ತಲ್ಲ ಮೇಷ್ಟ್ರೇ? ನನ್ನ ಗಂಡ ಈ ಊರಿನ ಫ್ರೀಮನ್ ಆಗಿದ್ದ, ಗೋಮಾಳದ ಹಕ್ಕಿದ್ದವನು. ಅವನ ವಿಧವೆಯಾಗಿ ಇರೋವರೆಗೆ ಮಾತ್ರ ನನ್ನ ಹಸು ಕ್ಲೋವರ್ ಅಲ್ಲಿ ಮೇಯಬಹುದು. ನಿಮ್ಮನ್ನ ಕಟ್ಕೊಂಡ್ರೆ ಅವಳು ಏನು ತಿನ್ನಬೇಕು, ನಿಮ್ಮ ಪುಸ್ತಕಾನಾ?"

ಅವರು ನಕ್ಕರು. "ಫ್ರೀ ಅನ್ನೋ ಮಾತು ಹುಟ್ಟಿದಾಗ ಅದಕ್ಕೆ ಹುಲ್ಲು, ಹಕ್ಕು ಯಾವುದೂ ಗೊತ್ತಿರಲಿಲ್ಲ ಆಗ್ನೆಸ್. ಅಕ್ಕರೆಯವರು ಅಂತ ಅದರರ್ಥ. ಮನೇಲಿ ಜೀತದಾಳುಗಳೂ ಇರ್ತಿದ್ರು, ಅಕ್ಕರೆಯವರೂ ಇರ್ತಿದ್ರು. ಆ ಅಕ್ಕರೆಯವರೇ ಫ್ರೀ. ಫ್ರೆಂಡ್ ಅನ್ನೋದೂ ಅದೇ ಬೇರಿನದು. ಹಿಂದೂಸ್ತಾನದೋರು 'ಪ್ರಿಯ' ಅಂತಾರಲ್ಲ, ಅದೂ ಇದರ ನೆಂಟನೇ."

"ಯಾರ ಹಂಗೂ ಇಲ್ದಿದ್ರೆ ಫ್ರೀ ಅಂತ ನಾನು ತಿಳ್ಕೊಂಡಿದ್ದೆ" ಎಂದೆ.

"ಈಗ ಎಲ್ಲರೂ ಹಾಗೇ ತಿಳ್ಕೊಂಡಿರೋದು" ಎಂದರು. ಗಂಜಿ ತಳ ಹಿಡಿದಿತ್ತು. ಆದರೂ ಪೂರ್ತಿ ಉಂಡರು.

ಮೊನ್ನೆ ಹಸುಗಳಿಗೆ ಗುರುತು ಹಾಕುವ ದಿನ ಕಳೆಯಿತು. ಕ್ಲೋವರ್ ಗೋಮಾಳಕ್ಕೆ ಹೋದಳು. ಸಂಜೆ ಈಗಲೂ ಎರಡು ಬಟ್ಟಲು ಚಹಾ ಬಗ್ಗಿಸಿಬಿಡುತ್ತೇನೆ, ಹಾಳು ಅಭ್ಯಾಸ.

ಮಕ್ಕಳಿಗೆ ಮುತ್ತು. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಆಗ್ನೆಸ್

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ನಾಚಿಕೆಯಾಯಿತು. ಕೊಂಬಿಗೆ ಬರೆ ಹಾಕುವ ಮುಂಚೆ ಗೋಮಾಳದ ಕಾವಲಿನ ಹಾಬ್ಸನ್ "ಯಾರವಳಮ್ಮ ನೀನು?" ಎಂದು ಕೂಗುತ್ತಾನಲ್ಲ, ವಿಧವೆಯರು ಸತ್ತ ಗಂಡನ ಹೆಸರು ಹೇಳಬೇಕಲ್ಲ. ಪ್ರತಿ ವರ್ಷ "ವಿಲ್ಫ್ರೆಡ್‌ನವಳು" ಎನ್ನುತ್ತಿದ್ದವಳು ಈ ಸಲ "ಪಿಮ್‌ನವಳು" ಎಂದುಬಿಟ್ಟೆ. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. "ಅಜ್ಜಿಗೆ ಅರಳುಮರಳು, ಬರೆ ಹಾಕ್ರೋ" ಎಂದ ಹಾಬ್ಸನ್. ಹಕ್ಕು ಉಳಿಯಿತು. ಪಿಮ್ ವಿಳಾಸ ಕೊಟ್ಟು ಹೋಗಿಲ್ಲ ಮರ್ಟಲ್. ನಾನು ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದರು.