ದೊಡ್ಡಮ್ಮನ ಹಾಡಿಗೆ ಬೀಟ್

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಐದು ಹಾಡು ಮುಗಿಸಿದೆ. ಎಲ್ಲಕ್ಕೂ ಅದೇ ಕೆಲಸ — ಮುಂದೆ ಮೂವತ್ತೆರಡು ಬರೀ ಬಡಿತ, ಹಿಂದೆ ಮೂವತ್ತೆರಡು. ಡಿಜೆಗಳು ಒಂದು ಹಾಡಿನಿಂದ ಇನ್ನೊಂದಕ್ಕೆ ಜಾರಲು ಅಷ್ಟು ಜಾಗ ಬೇಕು. ಬೈಗುಳ ಇದ್ದರೆ ಕತ್ತರಿ. ಶುಕ್ರವಾರ ಓಫೊಸು ಸರ್ ವಾರದ ಫೋಲ್ಡರನ್ನು ಸೈಟಿಗೆ ಏರಿಸುತ್ತಾರೆ, ಚಂದಾದಾರ ಡಿಜೆಗಳು ಮುಗಿಬಿದ್ದು ಇಳಿಸಿಕೊಳ್ಳುತ್ತಾರೆ. ನಮ್ಮ ಕುಮಾಸಿ ನಗರದ ಮದುವೆಗೂ ಸಾವಿಗೂ ನಮ್ಮದೇ ಹಾಡು.

ಊಟದ ಹೊತ್ತಿನಲ್ಲಿ ಕದ್ದು ಇನ್ನೊಂದು ಕೆಲಸ. ಸಾರ್ಪೊಮಾ ಅಕ್ಕ ಸತ್ತ ಎಂಟನೇ ದಿನ ದೊಡ್ಡಮ್ಮ ಮಗಳನ್ನು ಕರೆಕರೆದು ಹಾಡಿಕೊಂಡು ಅತ್ತದ್ದು ನನ್ನ ಫೋನಿನಲ್ಲಿತ್ತು. ಅದಕ್ಕೆ ಬೀಟ್ ಕೂಡಿಸಿದೆ. ಯಾಕೋ ಗೊತ್ತಿಲ್ಲ... ನನಗೆ ಅಳಲು ಬರುವುದೇ ಹೀಗೆ. ಅಕ್ಕನ ಹೆಸರು ಬರುವಲ್ಲಿ ದೊಡ್ಡಮ್ಮ ತುಂಬ ಎಳೆಯುತ್ತಾಳೆ. ಎಂಟು ಬಡಿತದೊಳಗೆ ಕೂರಲಿಲ್ಲ. ಹೆಸರನ್ನೇ ತೆಗೆದು ಬರೀ ಬಡಿತ ಬಿಟ್ಟೆ. ನೀಟಾಯಿತು.

ಮಾರ್ಚ್ 7, ಶುಕ್ರವಾರ, ಸಂಜೆ 4

ದೇವರೇ. ದೊಡ್ಡಮ್ಮನ ಹಾಡನ್ನು ವಾರದ ಫೋಲ್ಡರಿನಲ್ಲೇ ಸೇವ್ ಮಾಡಿಬಿಟ್ಟಿದ್ದೆ. ಹದಿನೇಳನೇ ಹಾಡು. ಆಗಲೇ ಇನ್ನೂರ ಆರು ಜನ ಇಳಿಸಿಕೊಂಡಿದ್ದಾರೆ. ಸರ್ ಹತ್ತಿರ ಓಡಿದೆ.

"ತೆಗ್ದೆ ಕಣಮ್ಮ, ನೋಡು, ಸೈಟಲ್ಲಿಲ್ಲ. ಅವರ ಪೆನ್‌ಡ್ರೈವಿಂದ ಹೆಂಗೆ ತೆಗೀಲಿ? ಮನೆಮನೆಗೆ ಹೋಗ್ಲಾ?"

"ಹಾಕ್ಬೇಡಿ ಅಂತ ಮೆಸೇಜ್ ಕಳ್ಸಿ ಸರ್."

"ಬೇಡ ಅಂದ್ರೆ ಮೊದ್ಲು ಅದನ್ನೇ ಹಾಕ್ತಾರೆ. ಡಿಜೆಗಳು, ಬಿರಾಗೊ! ನಿಂಗೊತ್ತಿಲ್ವಾ?"

ಗೊತ್ತಿದೆ.

ಮಾರ್ಚ್ 12, ಬುಧವಾರ

ಕೆಜೇಟಿಯಾ ಮಾರುಕಟ್ಟೆಗೆ ಹೋಗುವ ಟ್ರೋಟ್ರೋ ವ್ಯಾನಿನಲ್ಲಿ ಕೇಳಿಸಿತು. ಯಾರೋ ಹಾಡಿನ ವೇಗ ಇನ್ನೂ ಏರಿಸಿದ್ದಾರೆ. ಅಕ್ಕನ ಹೆಸರಿದ್ದ ಜಾಗದಲ್ಲಿ ಪುಣ್ಯಾತ್ಮ ತನ್ನ ಹೆಸರು ಕೂಗಿಸಿಕೊಂಡಿದ್ದಾನೆ — ಡಿಜೆ ಟೈಗರ್‌ನಟ್! ಕಂಡಕ್ಟರ್ ಭುಜ ಕುಣಿಸುತ್ತ ತಾನೂ ಕೂಗಿದ. ಎರಡು ಸ್ಟಾಪ್ ಮೊದಲೇ ಇಳಿದು ನಡೆದೆ.

ಮಾರ್ಚ್ 19

ದೊಡ್ಡಮ್ಮ ಹೇಳಿ ಕಳಿಸಿದಳು. ಹೋದೆ. ಅಂಗಳದಲ್ಲಿ ಮರಗೆಣಸು ಸುಲಿಯುತ್ತಿದ್ದಳು.

"ಬಾರೇ. ಸ್ಟಾರ್ ಮಾಡ್ಬಿಟ್ಟೆ ನನ್ನ. ಮೀನಿನೋಳೂ ನಕ್ಕೊಂಡು ಹಾಡ್ತಾಳೆ."

ಕಾಲು ಹಿಡಿದೆ. ನಿನ್ನ ಅಳುವನ್ನು ಕುಣಿಯುವವರ ಬಾಯಿಗೆ ಹಾಕಬಾರದಿತ್ತು ಅಂದೆ.

"ಕುಣೀಲಿ ಬಿಡೆ. ಸಾವಲ್ಲಿ ನಾವೂ ಕುಣಿಯಲ್ವಾ? ಅದಲ್ಲ." ಚಾಕು ಕೆಳಗಿಟ್ಟಳು. "ನನ್ ಮಗಳೆಲ್ಲೆ ಅದ್ರಲ್ಲಿ?"

"ಬೀಟಿಗೆ ಕೂರ್ಲಿಲ್ಲ ದೊಡ್ಡಮ್ಮ."

"ಕೂರ್ಲಿಲ್ಲ ಅಂತ ತೆಗ್ದಾಕಿದ್ಯಾ?"

ಅವಳಿಟ್ಟ ಚಾಕು ಎತ್ತಿಕೊಂಡು ಗೆಣಸು ಸುಲಿಯಹೋದೆ, ಕಿತ್ತುಕೊಂಡಳು.

"ಹೆಸರು ಹಿಡಿದು ಕರೀದೆ ಅತ್ರೆ, ಅದು ತನಗೇ ಅಂತ ಅವಳಿಗೆ ಹೆಂಗೆ ಗೊತ್ತಾಗತ್ತೆ? ಮುಂದಿನ ತಿಂಗ್ಳು ಅವಳ ಸಾವಿನ ದೊಡ್ಡ ಕಾರ್ಯ, ಅಷ್ಟ್ರೊಳಗೆ ಸರಿ ಮಾಡು."

ಮಾರ್ಚ್ 28, ಶುಕ್ರವಾರ

ಮಾಡಿದೆ. ಹೆಸರು ಬರುವಲ್ಲಿ ಬೀಟನ್ನೇ ನಿಲ್ಲಿಸಿದೆ. ಮೌನ, ಅವಳ ಉಸಿರು, ಆಮೇಲೆ ಹೆಸರು. ಇಷ್ಟು ಚೆನ್ನಾಗಿ ಯಾವತ್ತೂ ಮಾಡಿಲ್ಲ. ಸರ್ ಮರುಮಾತಾಡದೆ ಏರಿಸಿದರು.

ಮಾರ್ಚ್ 31

ಇಳಿಸಿಕೊಂಡವರು ಒಂಬತ್ತು ಜನ. ಬರೀ ಒಂಬತ್ತು. ಹಳೆಯ ಚಂದಾದಾರನೊಬ್ಬನಿಗೆ ನಾನೇ ಫೋನ್ ಮಾಡಿ ಕೇಳಿದೆ.

"ಅಲ್ಲಿ ಬೀಟ್ ಮುರಿಯತ್ತೆ ಕಣಕ್ಕ. ಕುಣಿಯೋರು ನಿಂತುಬಿಡ್ತಾರೆ."

"ನಿಲ್ಲಲಿ ಅಂತ್ಲೇ ಮಾಡಿದ್ದು."

"ಅವರು ನಿಂತ್ರೆ ನಾಳೆ ನನ್ನ ಯಾರು ಕರೀತಾರೆ?"

ಅವನದೂ ತಪ್ಪಲ್ಲ. ಬೀಟ್ ಮುರಿಯಬಾರದು ಅಂತ ನಾನೇ ಅವರಿಗೆ ರೂಢಿ ಮಾಡಿದವಳು.

ಏಪ್ರಿಲ್ 5, ಶನಿವಾರ, ಸಂಜೆ 6

ಅಕ್ಕನ ದೊಡ್ಡ ಕಾರ್ಯ. ಮುನ್ನೂರು ಜನ, ಎಲ್ಲರ ಮೈಮೇಲೂ ಸಾವಿನ ಕೆಂಪು, ಕಪ್ಪು ಬಟ್ಟೆ. ಡಿಜೆ ಕೈಗೆ ಹೊಸದನ್ನೇ ಕೊಟ್ಟಿದ್ದೆ. ದೊಡ್ಡಮ್ಮ ಅದೂ ಬೇಡ ಅಂದಳು. ಮೈಕ್ ತೆಗೆದುಕೊಂಡು ತಾನೇ ನಿಂತಳು.

ಶುರು ಮಾಡಿದ್ದೇ ತಡ, ಎಲ್ಲರ ಬಾಯಲ್ಲೂ ಹಾಡು. ಎಲ್ಲರಿಗೂ ಬರುತ್ತದಲ್ಲ. ಹೆಸರಿನ ಜಾಗ ಬಂತು. ದೊಡ್ಡಮ್ಮ "ಸಾ..." ಅಂತ ಎಳೆದಳು. ಮುನ್ನೂರು ಜನ "ಟೈಗರ್‌ನಟ್!" ಕೇಡು ಬಗೆದಲ್ಲ — ಬಾಯಿಗೆ ಹಾಗೇ ಕೂತಿದೆ. ಕೆಲವರು ನಾಲಿಗೆ ಕಚ್ಚಿಕೊಂಡರು. ಎರಡನೇ ಸಲ ಇನ್ನೂ ಎತ್ತರಕ್ಕೆ ಕರೆದಳು. ಮತ್ತೆ ಅದೇ. ಗಂಟಲು ಒಡೆಯಿತು. ಮೂರನೇ ಸುತ್ತಿಗೆ ಬಂದು ಮೈಕನ್ನು ನನ್ನ ಬಾಯಿಗೆ ಹಿಡಿದಳು.

"ನೀನು ಕರಿಯೇ. ನಿನ್ ಮಾತು ಕೇಳ್ತಾರೆ."

ಕರೆಯಬೇಕಿದ್ದದ್ದು ಒಂದೇ ಹೆಸರು. ಬಾಲ್ಯದಿಂದ ಕರೆದದ್ದು. ಆ ಎಂಟು ಬಡಿತ ಬಂತು, ಬಾಯಿ ತೆರೆದೆ, ನನ್ನ ಬಾಯಿಂದಲೂ ಟೈ—