ಮರದ ಕೋಣೆಯ ರಾಜ, ಮಹಡಿಯ ರಾಣಿ

ಮಲ್ಲೇಶ್ವರಂ,
೧೪ ಸೆಪ್ಟೆಂಬರ್ ೧೯೯೮

ಪ್ರೀತಿಯ ಸುಂದರಿ,

ನೀನೂ ಆರಾಧನಾಳೂ ನವರಾತ್ರಿಯ ಶುರುವಿಗೇ ಬರುತ್ತೀರೆಂದು ತಿಳಿದು ಹಾಸಿಗೆಗಳನ್ನು ಬಿಸಿಲಿಗೆ ಹಾಕಿದ್ದೇನೆ. ಮಗಳಿಗೆ ಎರಡು ದಿನದಲ್ಲಿ ಯಾವ ಮ್ಯೂಸಿಯಂ ತೋರಿಸಲಿ ಎಂದು ಕೇಳಿದ್ದೀಯ. ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡಕ್ಕೆ ಮೊದಲು ಹೋಗಿ. ಬೇಗೂರಿನ ವೀರಗಲ್ಲಿನ ಮುಂದೆ ಅವಸರ ಮಾಡಬೇಡಿ. ಪಕ್ಕದಲ್ಲೇ ವೆಂಕಟಪ್ಪ ಗ್ಯಾಲರಿ. ಮಾರನೆಯ ದಿನ ಚಿತ್ರಕಲಾ ಪರಿಷತ್ತಿನ ತೊಗಲುಗೊಂಬೆಗಳನ್ನು ನೋಡಿಕೊಂಡು ಮನೆಗೆ ಬಂದರೆ ಊಟ ಬಿಸಿಯಾಗಿರುತ್ತದೆ. ಸಂಪಿಗೆ ರಸ್ತೆಯಲ್ಲಿ ಮಾತ್ರ ನಮ್ಮ ಕಾಲದ ಮರಗಳನ್ನು ಹುಡುಕಬೇಡ. ಅವುಗಳ ಬಗ್ಗೆ ಪತ್ರಿಕೆಗಳಿಗೆ ಬರೆದು ಬರೆದು ನನಗೂ ಸಾಕಾಗಿದೆ.

ಚಾಮರಾಜಪೇಟೆಯ ಆ ಸಣ್ಣ ಕರಕುಶಲ ಸಂಗ್ರಹಾಲಯಕ್ಕೆ ಹೋಗುವುದು ಬೇಡ.

ನೀನು ಬರುತ್ತಿರುವುದೇ ಅದಕ್ಕೆಂದು ನನಗೆ ಗೊತ್ತು. ನಿನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳನ್ನು, ಆ ರಾಜ ರಾಣಿಯರನ್ನು, ಒಮ್ಮೆ ಕಣ್ತುಂಬ ನೋಡುವಾಸೆ ನಿನಗೆ. ನಿನ್ನ ಯಜಮಾನರು ತೀರಿಕೊಂಡ ವರ್ಷ ನಮ್ಮಣ್ಣ ಶೀನಣ್ಣ ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: "ಇನ್ಮೇಲೆ ಅವಳು ಗೊಂಬೆ ಕೂರ್ಸೋ ಹಾಗಿಲ್ವಲ್ಲ, ಮ್ಯೂಸಿಯಂಗಾದ್ರೂ ಕೊಟ್ಬಿಡೋಣ." ಮನೆತುಂಬ ಓದಿದವರು, ನಿನ್ನನ್ನು ಒಂದು ಮಾತು ಕೇಳಲಿಲ್ಲ. ನಾನು ಜಗಳವಾಡಿದೆ, ಸೋತೆ.

ಹೋದ ವಾರ ನಾನೊಬ್ಬಳೇ ಹೋಗಿ ನೋಡಿಬಂದೆ. ರಾಜನ ಬಟ್ಟೆಯನ್ನು ನುಸಿ ತಿಂದುಹಾಕಿದೆ. ಬರೀ ಮರವಾಗಿ ಕಂಡನಲ್ಲ, ಅದಕ್ಕೆ ಮರದ ಕೆತ್ತನೆಯ ಕೋಣೆಯಲ್ಲಿ ಹಳೇ ಬಾಗಿಲುಗಳ ನಡುವೆ ನಿಲ್ಲಿಸಿದ್ದಾರೆ. ರಾಣಿಯ ಮೈಮೇಲೆ ಅಮ್ಮ ಉಡಿಸಿದ ಸೀರೆ ಹಾಗೇ ಇದೆ. ಆದ್ದರಿಂದ ಅವಳು ಮಹಡಿಯ ನೇಯ್ಗೆ ಕೋಣೆಯಲ್ಲಿ!

ಅಲ್ಲಿನ ಮೇಲ್ವಿಚಾರಕಿ ಮಾನ್ಯ ಎಂಬ ಹುಡುಗಿ. "ಅದು ಮರ, ಇದು ಬಟ್ಟೆ. ಸೆಕ್ಷನ್ನೇ ಬೇರೆ ಅಲ್ವಾ ಮೇಡಂ?" ಎಂದಳು. "ನಿಮ್ಮಪ್ಪ ಬರೀ ಮೈಲಿ ಕೂತ್ರೆ ನಿಮ್ಮಮ್ಮನ್ನ ಮಹಡಿಗೆ ಕಳಿಸ್ತೀಯೇನಮ್ಮ?" ಎಂದೆ. ನಕ್ಕುಬಿಟ್ಟಳು. ಆಮೇಲೆ ಮೆಲ್ಲಗೆ, "ಜೋಡಿ ಅಂತ ನಮಗೆ ಯಾರೂ ಹೇಳೇ ಇಲ್ಲ" ಎಂದಳು. ಕೊಡುವಾಗ ಶೀನಣ್ಣ ಅಷ್ಟನ್ನೂ ಹೇಳಿರಲಿಲ್ಲ. ಇನ್ನಷ್ಟು ಕೂಗಾಡಲು ಶಕ್ತಿಯಿರಲಿಲ್ಲ ಸುಂದರಿ, ಅವಳು ಕೇಳಿದಳೆಂದು ಮನೆಯ ಫೋನ್ ನಂಬರ್ ಬರೆದುಕೊಟ್ಟು ಬಂದುಬಿಟ್ಟೆ.

ಒಮ್ಮೆ ಅಗಲಿದ್ದು ಸಾಲದೆ, ಅದನ್ನೇ ನೀನು ಗಾಜಿನ ಹಿಂದೆ ಮತ್ತೆ ನೋಡಬೇಕೆ? ಅದಕ್ಕೇ ಬೇಡವೆಂದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರು. ನಿಲ್ದಾಣಕ್ಕೆ ನಾನೇ ಬರುತ್ತೇನೆ.

ನಿನ್ನ ಅಕ್ಕ,
ರಂಗನಾಯಕಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಾನ್ಯಳ ಫೋನ್ ಬಂತು. ಎಲ್ಲ ಮತ್ತೆ ಬರೆಯಲು ಕೈ ಸೋತಿದೆ. ಚಾಮರಾಜಪೇಟೆ ಬೇಡವೆಂದದ್ದನ್ನು ನೀನೇ ಹೊಡೆದುಹಾಕಿಕೋ. ಪಾಡ್ಯದ ಬೆಳಿಗ್ಗೆ ಗಾಜಿನ ಕಪಾಟು ತೆರೆದು ಇಬ್ಬರನ್ನೂ ಒಟ್ಟಿಗೆ ಇಡುತ್ತಾರಂತೆ. "ಯಾರನ್ನ ಯಾವ ಕಡೆ ಕೂರ್ಸೋದು ಅಂತ ನಮಗೆ ಗೊತ್ತಿಲ್ಲ ಮೇಡಂ, ನಿಮ್ಮನೆಯೋರು ಯಾರಾದ್ರೂ ಬರ್ತೀರಾ?" ಎಂದು ಕೇಳಿದಳು. ನನ್ನ ತಂಗಿ ಬಂದು ಕೂರಿಸುತ್ತಾಳೆ, ಗೊಂಬೆಗಳು ಅವಳವೇ ಎಂದೆ. ರಾಜನಿಗೆ ಪಂಚೆಯಾಗುವಷ್ಟು ಜರಿಯಂಚಿನ ತುಂಡು ತೆಗೆದುಕೊಂಡು ಬಾ. ಶೀನಣ್ಣನನ್ನೂ ಬರಹೇಳಿದ್ದೇನೆ. ನೋಡುತ್ತಾ ನಿಲ್ಲಲಿ.