ಕೆಂಪಿ, ಬೂದಿ ಮತ್ತು ಅಣ್ಣನ ಅಂಗಾಲು

ಮಾರ್ಚ್ 4, ಬೆಳಿಗ್ಗೆ

ಮತ್ತೆ ಹಳೆಯ ರನ್‌ವೇ. ವಿಮಾನಗಳು ಬಿಟ್ಟುಹೋದ ಮೇಲೆ ಇದು ನಮ್ಮ ಕಾರು ಪತ್ರಿಕೆಗೆ, ಡ್ರೈವಿಂಗ್ ಕಲಿಯುವವರಿಗೆ ಮತ್ತು ನಾಯಿಗಳಿಗೆ ಸೇರಿದ್ದು. ಕೋನ್ ಇಟ್ಟೆ. ಟೈರಿನ ಗಾಳಿ ನೋಡಿದೆ. ಅಣ್ಣ ಬೂಟು ಬದಲಿಸಿದ.

ಈ ಸಲ ಎರಡು ಜಪಾನಿ ಸ್ಪೋರ್ಟ್ಸ್ ಕಾರು. ಸಿರಿವಂತರದ್ದಲ್ಲ, ಸಂಬಳದವರೂ ಆಸೆಪಡಬಹುದಾದವು. ಸಂಪಾದಕರಿಗೆ ಬೇಕಾದದ್ದು ಒಂದೇ ಮಾತು — ಯಾವುದು ಮೇಲು. ಕೆಂಪು ಬಣ್ಣದ್ದಕ್ಕೆ ಎರಡೇ ಸೀಟು. ಬಟ್ಟೆಯ ಮಾಡು ಮಡಚಿದರೆ ತಲೆಯ ಮೇಲೆ ಆಕಾಶ. ಬೂದು ಬಣ್ಣದ್ದಕ್ಕೆ ಗಟ್ಟಿ ಮಾಡು, ಎಂಜಿನ್ ದೊಡ್ಡದು, ಹಿಂದೆ ಚೀಲ ಇಡುವಷ್ಟು ಸೀಟು. ಅಣ್ಣ ನೋಡಿದ ಕೂಡಲೇ ಹೆಸರಿಟ್ಟ. ಕೆಂಪಿ, ಬೂದಿ. ದನಗಳಿಗೆ ಇಟ್ಟ ಹಾಗಾಯಿತಲ್ಲ ಅಂದೆ. ಯಾವುದು ಒದೆಯುತ್ತೆ ನೋಡೋಣ ಅಂದ.

ಅವನು ಓಡಿಸುವುದು. ನಾನು ಪಕ್ಕದ ಸೀಟಿನಲ್ಲಿ ತೊಡೆಯ ಮೇಲೆ ಬರೆಯುವ ಪ್ಯಾಡ್ ಇಟ್ಟುಕೊಂಡು ಅವನು ಅಂದದ್ದನ್ನು ಬರೆಯುವುದು. ಇಷ್ಟು ವರ್ಷವೂ ಹೀಗೆಯೇ. ಲೇಖನದ ಕೆಳಗೆ ‘ಅಣ್ಣ-ತಂಗಿ’ ಅಂತಲೇ ಹಾಕುತ್ತಾರೆ.

ಮಧ್ಯಾಹ್ನ

ಕೆಂಪಿ ಮಾತುಗಾರ್ತಿ. ತಿರುವಿಗೆ ಬಂದರೆ ಮೊದಲೇ ಒಂದು ಕಡೆ ವಾಲುತ್ತಾಳೆ, ಹಿಡಿತ ತಪ್ಪುವ ಎಷ್ಟೋ ಮುಂಚೆ ಸೊಂಟಕ್ಕೆ ಹೇಳುತ್ತಾಳೆ. ಗೇರು ಬಿದ್ದರೆ ಸ್ವಿಚ್ ಹಾಕಿದಷ್ಟು ಸಲೀಸು. ಬೂದಿ ಗಂಭೀರ. ಎಂಜಿನ್ ನೆಲಕ್ಕೆ ಹತ್ತಿರ ಮಲಗಿದೆ, ಅದಕ್ಕೇ ಮೈ ವಾಲುವುದಿಲ್ಲ. ನೇರ ದಾರಿಯಲ್ಲಿ ಕೆಂಪಿಯನ್ನು ಹಿಂದೆ ಬಿಡುತ್ತಾಳೆ. ಕೋನುಗಳ ನಡುವೆ ಕೆಂಪಿ ಮತ್ತೆ ಹಿಡಿಯುತ್ತಾಳೆ.

ಇದೆಲ್ಲ ಅಣ್ಣ ಅಂದದ್ದು. ಆಮೇಲೆ ಒಂದು ಮಾತು: ಬೂದಿಯ ಬ್ರೇಕ್ ಸಡಿಲ. ಪೆಡಲ್ ಎಲ್ಲಿ ಹಿಡಿಯುತ್ತೆ ಅಂತ ತಿಳಿಯುತ್ತಿಲ್ಲ.

ಬರೆದುಕೊಂಡೆ. ಅಣ್ಣನ ಅಂಗಾಲು ಹೇಳಿದ ಮೇಲೆ ಮುಗಿಯಿತು. ಅದಕ್ಕೆಂದೇ ಅವನ ಬೂಟಿನ ತಳ ರೊಟ್ಟಿಗಿಂತ ತೆಳು. ಕಾರಿನ ಮೇಲೆ ದೂರು ಹೇಳುವ ಹೊಸ ಹುಡುಗರಿಗೆ ಅವನದು ಒಂದೇ ಉತ್ತರ — ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮಾರ್ಚ್ 6

ವರ್ಕ್‌ಶಾಪ್. ನಮ್ಮ ಮೆಕ್ಯಾನಿಕ್ ಸ್ಪ್ಯಾನರ್ ಮಾವ ಬೂದಿಯ ಚಕ್ರ ಬಿಚ್ಚಿದರು. ಬ್ರೇಕಿನ ಎಣ್ಣೆಯಲ್ಲಿ ಗಾಳಿ ಸೇರಿರಬೇಕು ಅಂತ ಎಣ್ಣೆ ಪೂರ್ತಿ ಬದಲಿಸಿದರು. ಏನೂ ಸಿಗಲಿಲ್ಲ. ಆದರೂ ಅಣ್ಣನಿಗಾಗಿ ಬ್ರೇಕ್ ಪ್ಯಾಡ್ ಕೂಡ ಹೊಸದು ಹಾಕಿದರು. ಬಿಚ್ಚುವಾಗ ಪ್ಯಾಡಿನ ಒಂದು ಚಿಕ್ಕ ಕ್ಲಿಪ್ ಹಾರಿ ಎಲ್ಲೋ ಬಿತ್ತು. ಮಾವ ಆಯಸ್ಕಾಂತ ಹಿಡಿದು ಬೆಂಚಿನ ಕೆಳಗೆಲ್ಲ ತಡಕಿದರು. ಬೆಂಚಿನ ಕೆಳಗೆ ಇದ್ದದ್ದು ಅಣ್ಣನ ಬೂಟು, ಒಂದು ಹಳೆ ಟೀ ಲೋಟ. ಕೊನೆಗೆ ಬೇರೆ ಕ್ಲಿಪ್ ಹಾಕಿದರು.

ಮಾರ್ಚ್ 7

ಬೂದಿ ಇನ್ನೂ ಸಡಿಲವಂತೆ.

ಅಷ್ಟೇ ಅಲ್ಲ. ಮಧ್ಯಾಹ್ನ ಕೆಂಪಿಯಿಂದ ಇಳಿದವನೇ ಮುಖ ಗಂಟು ಹಾಕಿಕೊಂಡು, ಇವಳಿಗೂ ಅದೇ ಶುರುವಾಯಿತು ಅಂದ.

ಮಾವ ಕೈ ಒರೆಸಿಕೊಳ್ಳುತ್ತಾ ಹೇಳಿದರು, “ಎರಡಕ್ಕೂ ಒಂದೇ ಕಾಯಿಲೆ ಬರೋದಕ್ಕೆ ಇವೇನು ಒಂದೇ ತಾಯಿ ಮಕ್ಕಳಾ? ಕಂಪನಿನೇ ಬೇರೆ.”

ಯಾರೂ ನಗಲಿಲ್ಲ. ಅಣ್ಣ ಟೀಗೆ ಹೋದಾಗ ನಾನು ಬೂದಿಯಲ್ಲಿ ಕೂತು ಪೆಡಲ್ ಒತ್ತಿ ನೋಡಿದೆ. ಆಮೇಲೆ ಕೆಂಪಿಯಲ್ಲಿ. ನನಗೆ ಅನಿಸಿದ್ದನ್ನು ಇಲ್ಲಿ ಕೂಡ ಬರೆಯುವುದಿಲ್ಲ.

ಮಾರ್ಚ್ 8

ಬರೆಯದಿದ್ದರೆ ನಿದ್ದೆ ಬರುವುದಿಲ್ಲ. ಎರಡು ಕಾರಿನ ಬ್ರೇಕ್ ಪೆಡಲ್ಲೂ ಕಲ್ಲಿನಷ್ಟು ಗಟ್ಟಿ. ಮೇಲೆಯೇ ಹಿಡಿಯುತ್ತವೆ.

ಅಣ್ಣ ತಪ್ಪಿರಬಹುದು ಎಂಬ ಯೋಚನೆಯೇ ನನಗೆ ಹೊಸದು. ಅಪ್ಪ ತೀರಿಕೊಂಡ ಮೇಲೆ ನನಗೆ ಸೈಕಲ್ಲಿನಿಂದ ಹಿಡಿದು ಕಾರಿನವರೆಗೆ ಎಲ್ಲ ಕಲಿಸಿದವನು ಅವನು. ರಸ್ತೆಯನ್ನು ಕಾಲಲ್ಲಿ ಓದಬೇಕು ಅನ್ನುತ್ತಿದ್ದ. ಭಯವಾಗುತ್ತಿದೆ. ನಾಳಿದ್ದು ಮತ್ತೆ ಓಡಿಸುವವನು ಅವನೇ, ಪಕ್ಕದಲ್ಲಿ ನಾನು.

ಮಾರ್ಚ್ 10

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೂದಿ. ಕೊನೆಯ ತಿರುವು. ಬ್ರೇಕ್ ಒತ್ತಬೇಕಾದ ಕೋನ್ ಬಂತು, ಹೋಯಿತು. ಕಾರಿನ ಮೂತಿ ಕೆಳಗೆ ಬಾಗಲಿಲ್ಲ. ಕೋನುಗಳನ್ನು ಹೊಡೆದುಕೊಂಡು ಹುಲ್ಲಿಗೆ ನುಗ್ಗಿ, ಅರ್ಧ ಸುತ್ತು ತಿರುಗಿ, ಬೇಲಿಗೆ ಒಂದು ಮಾರು ಇರುವಾಗ ನಿಂತೆವು. ಇಬ್ಬರಿಗೂ ಏನೂ ಆಗಲಿಲ್ಲ. ಬರೆಯುವ ಪ್ಯಾಡ್ ನನ್ನ ಕಾಲಡಿ ಬಿದ್ದಿತ್ತು.

ಅಣ್ಣ ಇಳಿದು ಚಕ್ರಕ್ಕೆ ಒದ್ದ. “ಹೇಳಿದೆನಲ್ಲ, ಇದಕ್ಕೆ ಬ್ರೇಕೇ ಇಲ್ಲ ಅಂತ!”

ಆದರೆ ತಿರುವಿನಲ್ಲಿ ನನಗೆ ಕೇಳಿಸಿತ್ತು. ಎಂಜಿನ್ ಗುರುಗುಡುತ್ತಲೇ ಇತ್ತು. ಬ್ರೇಕಿನ ಮೇಲೆ ಕಾಲಿಟ್ಟವನ ಕಾರು ಹಾಗೆ ಗುರುಗುಡುವುದಿಲ್ಲ. ಅವನ ಕಾಲು ಅರ್ಧ ಆಕ್ಸಿಲರೇಟರ್ ಮೇಲಿತ್ತು. ಅವನಿಗೆ ಗೊತ್ತೇ ಆಗಿಲ್ಲ.

ಸಂಜೆ

ವರ್ಕ್‌ಶಾಪಿನ ಸ್ಟೂಲಿನ ಮೇಲೆ ಕೂತು ಅಣ್ಣ ಬೂಟು ಕಳಚಿದ. ಕಾಲುಚೀಲದ ತಳ ಕೆಂಪಗೆ ತೊಯ್ದಿತ್ತು. ಮಾವ ಬೂಟನ್ನು ತಲೆಕೆಳಗು ಮಾಡಿ ಕೊಡವಿದರು.

ಕ್ಲಿಪ್. ಆವತ್ತು ಕಾಣೆಯಾಗಿದ್ದ ಕ್ಲಿಪ್. ಅಂದಿನಿಂದ ಅವನು ಅದರ ಮೇಲೆಯೇ ನಡೆದಿದ್ದಾನೆ, ಅದರ ಮೇಲೆಯೇ ಓಡಿಸಿದ್ದಾನೆ.

ಅಣ್ಣ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಗಾಯವನ್ನು ಹೆಬ್ಬೆರಳಿನಿಂದ ಒತ್ತಿದ. ಇನ್ನೂ ಜೋರಾಗಿ ಒತ್ತಿದ. ನೋಡುತ್ತಿದ್ದ ನನಗೆ ನೋವಾಯಿತು, ಅವನಿಗೆ ಆಗಲಿಲ್ಲ. ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಹಾಗೆ ಮಾಡಬಾರದಿತ್ತು.

ಮಾರ್ಚ್ 17

ಬರೆಯಲು ಮನಸ್ಸಿರಲಿಲ್ಲ.

ಅಣ್ಣನ ಜೊತೆ ಡಾಕ್ಟರ್ ಹತ್ತಿರ ಹೋಗಿದ್ದವರು ಅತ್ತಿಗೆ. ಸಕ್ಕರೆ ಕಾಯಿಲೆ, ಬಹಳ ದಿನದಿಂದ ಒಳಗೊಳಗೇ ಇತ್ತಂತೆ. ಪಾದದ ನರಗಳು ಸತ್ತಿವೆ. ಗಾಯ ಮಾಯುತ್ತದೆ, ಹೋದ ಸ್ಪರ್ಶ ಬರುವ ಭರವಸೆ ಇಲ್ಲ. ಇನ್ನು ಮೇಲೆ ದಪ್ಪ ತಳದ ಬೂಟು. ಕಾರು ಓಡಿಸುವಂತಿಲ್ಲ.

ಫೋನಿನಲ್ಲಿ ಅತ್ತಿಗೆಯ ದನಿ ಚಿಕ್ಕದಾಗಿತ್ತು. “ಮನೇಲಿ ಚಪ್ಪಲಿ ಕಾಲಿಂದ ಜಾರಿ ಬಿದ್ದಿದ್ರೂ ಇವರು ಹಾಗೇ ನಡ್ಕೊಂಡು ಹೋಗೋರು. ಮರೆವು ಅಂತ ನಾನೇ ರೇಗಿಸ್ತಿದ್ದೆ ಕಣಮ್ಮ.”

ನಾವೆಲ್ಲ ಕಾರನ್ನು ಬಿಚ್ಚಿದೆವು. ಎಣ್ಣೆ ಬದಲಿಸಿದೆವು, ಪ್ಯಾಡ್ ಬದಲಿಸಿದೆವು. ಬಿಚ್ಚದೆ ಬಿಟ್ಟದ್ದು ಅವನ ಬೂಟೊಂದನ್ನೇ.

ಮಾರ್ಚ್ 19

ಸಂಪಾದಕರಿಂದ ಫೋನ್. ಲೇಖನ ಎಲ್ಲಿ? ಅಣ್ಣನ ಮನೆಗೆ ಹೋದೆ. ಕಿಟಕಿಯ ಹತ್ತಿರ ಕಾಲು ನೀಡಿ ಕೂತಿದ್ದ. ಪಾದಕ್ಕೆ ಬಿಳಿ ಪಟ್ಟಿ.

“ಇದ್ದ ಹಾಗೇ ಕಳಿಸು. ಕೆಂಪಿ ಮೇಲು, ಬೂದಿ ಬ್ರೇಕ್ ಸಡಿಲ. ನಾನು ಓಡಿಸಿದ ಕೊನೆ ಕಾರುಗಳು. ನನ್ನ ಮಾತು ಇರಲಿ.”

ಆಗಲ್ಲ ಅಣ್ಣ ಅಂದೆ. ಬೂದಿಗೆ ಇಲ್ಲದ ರೋಗ ಹೊರಿಸಿ ಹೇಗೆ ಬರೆಯಲಿ? ನೀನಾದರೂ ಬರೆಯಲು ಬಿಡುತ್ತಿದ್ದೆಯಾ?

“ಹಾಗಾದ್ರೆ ನನ್ನ ಹೆಸರು ತೆಗೆದುಬಿಡು” ಅಂದ. ಕಿಟಕಿಯ ಕಡೆ ತಿರುಗಿ ಕೂತ. ಅತ್ತಿಗೆ ಕೊಟ್ಟ ಕಾಫಿ ಇಬ್ಬರ ಮುಂದೆಯೂ ತಣ್ಣಗಾಯಿತು.

ಬಸ್ಸಿನಲ್ಲಿ ಅತ್ತುಬಿಟ್ಟೆ. ಯಾರೋ ಸೀಟು ಬಿಟ್ಟುಕೊಟ್ಟರು.

ಮಾರ್ಚ್ 25

ಅಣ್ಣನಿಂದ ಸುದ್ದಿಯಿಲ್ಲ. ಸಂಪಾದಕರು ಬೇರೆ ಡ್ರೈವರ್ ಕಳಿಸುತ್ತೇನೆ ಅನ್ನುತ್ತಿದ್ದಾರೆ. ಇನ್ನೆರಡು ದಿನ ಕೇಳಿದೆ. ಯಾಕೆ ಕೇಳಿದೆನೋ.

ಮಾರ್ಚ್ 26

ಬೆಳಿಗ್ಗೆ ಹಲ್ಲುಜ್ಜುವಾಗ ಫೋನ್. ಅಣ್ಣ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.” ಹೇಳಿ ನಿಲ್ಲಿಸಿದ. “ಎಷ್ಟು ಜನಕ್ಕೆ ಅಂದಿದೀನಿ ಕಣೆ, ಇದನ್ನ.”

ಬಾಯಲ್ಲಿದ್ದ ಪೇಸ್ಟ್ ಉಗಿದು ಫೋನನ್ನು ಕಿವಿಗೆ ಒತ್ತಿಕೊಂಡೆ.

“ನಾಳೆ ಕೋನ್ ಇಡು. ಓಡಿಸೋದು ನೀನು. ಬರಕೊಳ್ಳೋದು ನಾನು.”

ಮಾರ್ಚ್ 27

ರನ್‌ವೇ. ಅಣ್ಣ ದಪ್ಪ ಬೂಟು ಹಾಕಿಕೊಂಡು ಬಂದ. ಹೆಜ್ಜೆ ಇಡುವ ಮೊದಲು ನೆಲ ನೋಡುತ್ತಾನೆ. ಕೈ ಕೊಡಲು ಹೋದವಳು ಹಿಂತೆಗೆದುಕೊಂಡೆ. ಸ್ಪ್ಯಾನರ್ ಮಾವ ಬೇಡ ಅಂತ ಕಣ್ಣಲ್ಲೇ ಹೇಳಿದರು. ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಎಲ್ಲಿದೆ ಅಂತ ಹುಡುಕಿದ. ಆ ಕಡೆ ಅವನು ಕೂತದ್ದೇ ಕಡಿಮೆ.

ಮೊದಲು ಕೆಂಪಿ. ನನಗೆ ತಿಳಿದಷ್ಟು ಹೇಳಿದೆ. ತಿರುವಿನಲ್ಲಿ ನಿಧಾನ, ಗೇರಿನಲ್ಲಿ ಅವಸರ — ಎಲ್ಲದಕ್ಕೂ ಬೈಸಿಕೊಂಡೆ. ಅವನಂತೆ ಹೇಳಲು ಹೋದಾಗ ತಡೆದ. “ನನ್ನ ಮಾತು ನನಗೆ ಬೇಡ. ನಿನಗೆ ಗೊತ್ತಾಗಿದ್ದು ಹೇಳು.”

ಮಾತುಗಾರ್ತಿ ಹೌದು. ಆದರೆ ವೇಗ ಏರಿದಾಗ ಮಾತು ಜಾಸ್ತಿ ಅನಿಸಿತು. ಬರೆದುಕೊಂಡ. ಕೋಳಿ ಕಾಲಿನಂಥ ಅಕ್ಷರ. ಇದನ್ನು ನಾನು ಹೇಗೆ ಓದಲಿ ಅಂದರೆ, ಇಷ್ಟು ವರ್ಷ ನಿನ್ನದನ್ನು ನಾನು ಓದಲಿಲ್ಲವೇ ಅಂದ. ಆವತ್ತಿನಿಂದ ಅವನು ನಕ್ಕದ್ದು ಅದೇ ಮೊದಲು.

ಆಮೇಲೆ ಬೂದಿ. ನೇರ ದಾರಿ, ಎಂಜಿನ್ ಬೆನ್ನನ್ನು ನೂಕಿತು. ಕೊನೆಯ ತಿರುವಿನ ಕೋನ್ ಬಂತು. ಒತ್ತಿದೆ. ಮೂತಿ ಬಾಗಿತು, ನಾಲ್ಕೂ ಚಕ್ರ ನೆಲ ಕಚ್ಚಿದವು, ಕಾರು ನಾನು ಕೇಳಿದಲ್ಲಿಗೆ ಬಂದು ನಿಂತಿತು. ಬೇಲಿ ದೂರವೇ ಉಳಿಯಿತು.

ಅಣ್ಣ ಪೆನ್ನು ಹಿಡಿದು ಕಾಯುತ್ತಿದ್ದ. ನಾನು ಹೇಳಿದರೆ ಅವನು ಬರೆಯಬೇಕು, ತನ್ನ ಕೈಯಾರೆ.

“ಹೇಳೇ. ಬ್ರೇಕ್?”

“ಗಟ್ಟಿಯಾಗಿದೆ ಅಣ್ಣ. ಮೇಲೇ ಹಿಡೀತು. ಕೆಂಪಿಗಿಂತ ಚೆನ್ನಾಗಿದೆ.”

ಬರೆದ. ಕೆಳಗೆ ಒಂದು ಗೆರೆ ಎಳೆದ. ಬಿಸಿಯಾದ ಎಂಜಿನ್ ಟಿಕ್ ಟಿಕ್ ಅನ್ನುತ್ತಿತ್ತು. ತಲೆ ಎತ್ತದೆ ಕೇಳಿದ.

“ಅಂಗಾಲಿಗೆ ಹೇಗಿತ್ತು? ಪೂರ್ತಿ ಹೇಳು. ನನಗೆ ಮರೆತುಹೋಗ್ತಾ ಇದೆ.”

ಕಣ್ಣು ಮುಚ್ಚಿಕೊಂಡು ಮತ್ತೊಮ್ಮೆ ಪೆಡಲ್ ಒತ್ತಿದೆ. ಹೇಳುತ್ತಾ ಹೋದೆ. ಮೊದಲು ರಬ್ಬರಿನ ಗೀರುಗಳು ತಾಗುತ್ತವೆ. ಆಮೇಲೆ ಹೆಬ್ಬೆರಳಿನ ಬುಡಕ್ಕೆ ಸಣ್ಣಗೆ ಒಂದು ಭಾರ. ಅದು ನಿಧಾನವಾಗಿ ಹಿಮ್ಮಡಿಯ ಕಡೆಗೆ ಇಳಿದು, ಅಲ್ಲಿ ನೆಲ ಸಿಕ್ಕ ಹಾಗೆ ನಿಲ್ಲುತ್ತದೆ. ಅಣ್ಣ ಬರೆಯುತ್ತಲೇ ಇದ್ದ.